ಅಮ್ಮನ ಫೋಟೊಕ್ಕೆ ಹಾರ ಹಾಕೋ ಮುಂಚೆ

ನಮ್ಮ ಕಡೆಯ ಯಾವುದೇ ಊರಿನ ಸರ್ಕಾರಿ ಶಾಲೆಯ ಹಳೇ ಹಾಜರಿ ಪುಸ್ತಕ ತೆಗೆದು ನೋಡಿ. ಗವಿಸಿದ್ದಪ್ಪ, ಹುಲಿಗೆಮ್ಮ, ಯಮನೂರಪ್ಪ, ಕನಕಪ್ಪ, ಹನುಮವ್ವ, ತಿಪ್ಪಣ್ಣ. ಕಾಲೇಜಿಗೆ ಅಂತ ದೊಡ್ಡ ಊರಿಗೆ ಹೋದಾಗ ಈ ಹೆಸರು ಕೇಳಿ ನಕ್ಕವರಿದ್ದಾರೆ. ಯಮನೂರಪ್ಪ ಅಂದರೆ ಯಮನಿಗೆ ಸಂಬಂಧ ಏನಪ್ಪಾ ಅಂತ ಕೇಳಿದವರೂ ಇದ್ದಾರೆ.

ಯಮನಿಗೆ ಸಂಬಂಧ ಇಲ್ಲ. ಯಮನೂರು ನವಲಗುಂದ ತಾಲೂಕಿನ ಒಂದು ಊರು. ಅಲ್ಲಿಯ ದೇವರನ್ನ ಹಿಂದೂಗಳು ಚಾಂಗದೇವ ಅಂತಾರೆ, ಮುಸ್ಲಿಮರು ರಾಜಾಬಾಗಸವಾರ ಅಂತಾರೆ, ಇಬ್ಬರೂ ನಡೆದುಕೊಳ್ಳುತ್ತಾರೆ. ಹುಲಿಗೆಮ್ಮ ಮುನಿರಾಬಾದ್ ಹತ್ತಿರದ ಹುಲಿಗಿಯಲ್ಲಿ, ತುಂಗಭದ್ರೆ ದಂಡೆಯಲ್ಲಿ ಇದ್ದಾಳೆ. ಗವಿಸಿದ್ದಪ್ಪ ಕೊಪ್ಪಳದ ಗವಿಮಠದವನು. ಕನಕಪ್ಪ ಕನಕಗಿರಿಯ ಕನಕಾಚಲಪತಿ. ಇನ್ನು ತಿಪ್ಪಣ್ಣ, ತಿಪ್ಪವ್ವ ಅನ್ನೋ ಹೆಸರಿನ ಹಿಂದೆ ದೊಡ್ಡ ದುಃಖ ಇದೆ. ಹುಟ್ಟಿದ ಕೂಸು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನ ತಿಪ್ಪೆಯಲ್ಲಿ ಮಲಗಿಸಿ, ಎತ್ತಿಕೊಂಡು ಬಂದು ಆ ಹೆಸರಿಡುತ್ತಿದ್ದರು. ತಿಪ್ಪೆಯಿಂದ ತಂದದ್ದು ಅಂದರೆ ಸಾವು ಕಣ್ಣು ಹಾಕೋದಿಲ್ಲ ಅನ್ನೋ ನಂಬಿಕೆ.

ಈ ಹೆಸರುಗಳನ್ನ ಇಟ್ಟವರು ಯಾರು? ಬಹಳ ಮನೆಗಳಲ್ಲಿ ಅಮ್ಮ. ನಮ್ಮ ಕಡೆ ಹೆತ್ತಾಕಿ ಅವ್ವ, ಅವ್ವನ ಅವ್ವ, ಅಪ್ಪನ ಅವ್ವ ಅಮ್ಮ. ಕೆಲವರು ಆಯಿ ಅಂತಾರೆ. ಬೇರೆ ಕಡೆಯವರು ಓದುತ್ತಿದ್ದರೆ ಅಜ್ಜಿ ಅಂತ ತಿಳಿದುಕೊಳ್ಳಿ. ಸೊಸೆ ಬ್ಯಾನಿ ತಿನ್ನುವಾಗ ಹೊರಗೆ ಕೂತು, "ಯವ್ವಾ ಹುಲಿಗೆಮ್ಮ, ಇದೊಂದು ಉಳಿಸು, ನಿನ್ನ ಹೆಸರು ಇಡ್ತೀನಿ" ಅಂದವಳು ಅವಳು. ಅಂದರೆ ನಮ್ಮ ಆಧಾರ್ ಕಾರ್ಡಿನ ಮೊದಲ ಸಾಲಿನಲ್ಲಿ ಇರೋದು ಒಬ್ಬ ಹೆಂಗಸು ಬೇಡಿಕೊಂಡ ಹರಕೆ. ಈಗಿನ ಮಕ್ಕಳಿಗೆ ಶಾಲೆಗೊಂದು ಹೊಸ ಹೆಸರು ಇರುತ್ತದೆ, ಆದರೂ ತೊಟ್ಟಿಲಲ್ಲಿ ಕೂಗಿದ ಹೆಸರು ಕೇಳಿದರೆ ಹಳೇ ದೇವರೇ ಇರುತ್ತಾನೆ.

ಇಷ್ಟೆಲ್ಲ ಮಾಡಿದವಳು ತೀರಿಕೊಂಡ ಮೇಲೆ ನಾವು ಏನು ಮಾಡುತ್ತೇವೆ? ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್. ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಫೋಟೊ, ಹಿಂದೆ ಒಂದು ಅಳುವ ಹಾಡು. ಊರೆಲ್ಲ ಕರೆದು ತಿಥಿ. ಸಾಲ ಮಾಡಿ ತಿಥಿ ಮಾಡಿದ ಮನೆಗಳು ನಮಗೇ ಗೊತ್ತು. ಆ ಫೋಟೊ ಕೂಡ ಪಿಂಚಣಿಗೆ ಅಂತ ತೆಗೆಸಿದ್ದನ್ನ ದೊಡ್ಡದು ಮಾಡಿ ಹಿಂದೆ ಮೋಡ, ಹೂವು ಸೇರಿಸಿದ್ದು. ಮಾಡಬೇಡಿ ಅಂತ ನಾವು ಹೇಳೋದಿಲ್ಲ. ದುಃಖ ಇದ್ದವರು ಏನಾದರೂ ಮಾಡಲೇಬೇಕಲ್ಲ. ಆದರೆ ಒಂದು ಮಾತು. ಆ ಫೋಟೊ ಗೋಡೆಗೆ ಹೋದ ದಿನದಿಂದ ಅಮ್ಮ ದೇವರಾಗುತ್ತಾಳೆ, ದೇವರನ್ನ ಯಾರೂ ಪ್ರಶ್ನೆ ಕೇಳೋದಿಲ್ಲ. ಕೇಳೋದಿದ್ದರೆ ಅವಳು ಕಟ್ಟಿಯ ಮೇಲೆ ಎಲಿ ಅಡಿಕಿ ಹಾಕಿಕೊಂಡು ಕೂತಿರುವಾಗಲೇ ಕೇಳಬೇಕು.

ಕೇಳೋದಕ್ಕೆ ಏನಿದೆ ಅಂತೀರಾ?

ನಿಮ್ಮ ಮನೆಯ ಅಮ್ಮನ ಆಧಾರ್ ಕಾರ್ಡ್ ನೋಡಿ. ಬಹಳ ಮಟ್ಟಿಗೆ ಜನವರಿ 1 ಅಂತ ಇರುತ್ತದೆ. ಹುಟ್ಟಿದ ದಿನ ಯಾರೂ ಬರೆದಿಟ್ಟಿರಲಿಲ್ಲ, ಕಂಪ್ಯೂಟರಿಗೆ ಒಂದು ತಾರೀಖು ಬೇಕಿತ್ತು. ಆದರೆ ಅವಳ ಹತ್ತಿರ ಬೇರೆ ಲೆಕ್ಕ ಇದೆ. "ರಜಾಕಾರ ಗದ್ದಲದಾಗ ನಾ ಸಣ್ಣಾಕಿ." "ಡ್ಯಾಮ್ ಕಟ್ಟೂ ಮುಂದ ನಿಮ್ಮಜ್ಜ ಕೂಲಿಗೆ ಹೋಗಿದ್ದ." "ಎಪ್ಪತ್ತೆರಡರ ಬರದಾಗ ನಿಮ್ಮಪ್ಪ ಇನ್ನೂ ಎದಿ ಹಾಲು ಬಿಟ್ಟಿರಲಿಲ್ಲ." ಪಂಚಾಯಿತಿ ದಾಖಲೆಗಿಂತ ಇದು ಖರೇ ಲೆಕ್ಕ.

ದೇಶಕ್ಕೆ 1947ರ ಆಗಸ್ಟ್‌ನಲ್ಲಿ ಸ್ವಾತಂತ್ರ್ಯ ಬಂದರೂ ನಮಗೆ ಬರಲಿಲ್ಲ. ನಿಜಾಮನ ಹೈದರಾಬಾದ್ ಸಂಸ್ಥಾನದ ಒಳಗೆ ಇದ್ದೆವು. 1948ರ ಸೆಪ್ಟೆಂಬರ್ 17ರ ತನಕ ಕಾಯಬೇಕಾಯಿತು. ನಡುವಿನ ಆ ವರ್ಷದಲ್ಲಿ ರಜಾಕಾರರ ಕಾಟಕ್ಕೆ ಎಷ್ಟೋ ಮಂದಿ ಗಡಿ ದಾಟಿ ಮುಂಡರಗಿ, ಗಜೇಂದ್ರಗಡದ ಕಡೆ ಹೋದರು. ಅಲ್ಲಿ ಹೋರಾಟದ ಶಿಬಿರಗಳಿದ್ದವು. ಮುಂಡರಗಿ ಶಿಬಿರ ನಡೆಸಿದ ಅಳವಂಡಿ ಶಿವಮೂರ್ತಿಸ್ವಾಮಿಗಳ ಹೆಸರು ಪ್ರತಿ ವರ್ಷ ಸೆಪ್ಟೆಂಬರ್ 17ಕ್ಕೆ ವೇದಿಕೆ ಮೇಲೆ ಹೇಳುತ್ತಾರೆ, ಹೇಳಬೇಕಾದ್ದೇ. ಆದರೆ ಹಗೇವಿನ ಜೋಳ ಯಾರಿಗೂ ಕಾಣದ ಹಾಗೆ ಮುಚ್ಚಿಟ್ಟವರು, ಕೂಸು ಅತ್ತರೆ ಸದ್ದು ಕೇಳೀತು ಅಂತ ಸೆರಗಿನಲ್ಲಿ ಅದರ ಬಾಯಿ ಒತ್ತಿ ಹಿಡಿದು ರಾತ್ರಿ ನಡೆದವರು, ಅವರ ಮಾತು ಯಾವ ವೇದಿಕೆಯಲ್ಲೂ ಬರೋದಿಲ್ಲ. ನಮ್ಮಲ್ಲೊಬ್ಬಳ ಅಮ್ಮ ಯಲಬುರ್ಗಾ ಕಡೆಯವಳು. ಆ ರಾತ್ರಿಯ ಬಗ್ಗೆ ಅವಳು ಹೇಳೋದು ಎರಡೇ ಮಾತು: ಚಂದ್ರ ಇರಲಿಲ್ಲ, ಕಾಲಿಗೆ ಚಪ್ಪಲಿ ಇರಲಿಲ್ಲ.

1948ರಲ್ಲಿ ಹತ್ತು ವರ್ಷದವಳು ಈಗ ತೊಂಬತ್ತರ ಹತ್ತಿರ ಇದ್ದಾಳೆ. ಇನ್ನು ನಾಲ್ಕೈದು ವರ್ಷ ಕಳೆದರೆ ಇದನ್ನು ಕಣ್ಣಾರೆ ಕಂಡವರು ನಮ್ಮ ಊರುಗಳಲ್ಲಿ ಎಷ್ಟು ಮಂದಿ ಉಳಿದಿರುತ್ತಾರೆ, ನೀವೇ ಎಣಿಸಿ.

ಡ್ಯಾಮ್ ವಿಷಯವೂ ಹಾಗೇ. 1953ರಲ್ಲಿ ತುಂಗಭದ್ರಾ ಕಾಲುವೆಗೆ ನೀರು ಬಿಟ್ಟ ಮೇಲೆ ಗಂಗಾವತಿ ಭತ್ತದ ನಾಡಾಯಿತು. ಆಂಧ್ರದಿಂದ ಬಂದವರು ಕ್ಯಾಂಪ್ ಹಾಕಿಕೊಂಡು ಉಳಿದರು. ಈಗ ಅಲ್ಲಿಯ ಅಮ್ಮಂದಿರು ತೆಲುಗಿನಲ್ಲಿ ಬೈದರೆ ಮೊಮ್ಮಕ್ಕಳು ಕನ್ನಡದಲ್ಲಿ ಉತ್ತರ ಕೊಡುತ್ತಾರೆ. ಆದರೆ ನೀರಿನ ಕೆಳಗೆ ಹೋದ ಊರುಗಳವರು? ಅವರ ಗುಡಿ, ಹಿತ್ತಲು, ಬಾವಿ, ಯಾವ ಓಣಿಯಲ್ಲಿ ಯಾರ ಮನೆ ಇತ್ತು ಅನ್ನೋದು ಈಗ ಇರೋದು ನಾಲ್ಕಾರು ಮುದುಕಿಯರ ತಲೆಯಲ್ಲಿ. ಕುಷ್ಟಗಿ, ಯಲಬುರ್ಗಾದ ಎರಿ ಹೊಲಗಳಿಗೆ ಆ ಕಾಲುವೆ ನೀರು ಮುಟ್ಟಲಿಲ್ಲ. ಅಲ್ಲಿಯ ಅಮ್ಮಂದಿರಿಗೆ ನೆನಪಿರೋದು ಮಳೆ. ಯಾವ ಮಳೆ ಯಾವ ವರ್ಷ ಕೈ ಕೊಟ್ಟಿತು ಅಂತ ಹೆಸರು ಹಿಡಿದು ಹೇಳುತ್ತಾರೆ.

ಈಗ ಭಕ್ತಿಯ ಮಾತಿಗೆ ಬರೋಣ. ಬನದ ಹುಣ್ಣಿಮೆ ಆದ ಮೇಲೆ ಗವಿಮಠದ ತೇರು. ಅದಕ್ಕೆ ವಾರಗಳ ಮುಂಚೆಯಿಂದ ಊರೂರಲ್ಲಿ ರೊಟ್ಟಿ ಬಡಿಯೋ ಸದ್ದು. ಒಂದು ಓಣಿಯ ಹೆಂಗಸರೆಲ್ಲ ಒಂದೇ ಕಡೆ ಸೇರಿ, ಸಾಲಾಗಿ ಒಲೆ ಹೂಡಿ, ಎಸರಿಟ್ಟು, ಹಿಟ್ಟು ನಾದಿ, ತೆಳ್ಳಗೆ ಬಡಿದು, ಒಣಗಿಸಿ ಖಡಕ್ ಮಾಡಿ ಪೇರಿಸುತ್ತಾರೆ. ಆಮೇಲೆ ಚಕ್ಕಡಿ, ಟ್ರ್ಯಾಕ್ಟರ್‌ಗಳಲ್ಲಿ ಡೊಳ್ಳು ಬಾರಿಸುತ್ತ ಕೊಪ್ಪಳಕ್ಕೆ. ಲಕ್ಷಗಟ್ಟಲೆ ರೊಟ್ಟಿ ಸೇರುತ್ತದೆ, ಲಕ್ಷಗಟ್ಟಲೆ ಮಂದಿ ಉಣ್ಣುತ್ತಾರೆ. ಮಾದಲಿ ಬೇರೆ. ಟಿವಿಯವರು ರೊಟ್ಟಿಯ ರಾಶಿ ತೋರಿಸುತ್ತಾರೆ, ತೇರು ತೋರಿಸುತ್ತಾರೆ. ನಮಗೆ ಕಾಣೋದು ಬೇರೆ. ಆ ಒಲೆಗಳ ನಡುವೆ ಒಬ್ಬ ಹಿರಿಯಳು ಇರುತ್ತಾಳೆ. ಅವಳ ಕೈಯಲ್ಲಿ ಈಗ ಬಡಿಯೋಕೆ ಆಗೋದಿಲ್ಲ. ಹಿಟ್ಟು ಮುಟ್ಟಿ ನೋಡಿ, "ಎಸರು ಕಡಿಮಿ ಆತು, ಒಡೀತೈತಿ" ಅಂತ ಹೇಳುತ್ತಾಳೆ. ಅವಳು ಹೇಳಿದ ಹಾಗೆ ಮಾಡಿದರೆ ರೊಟ್ಟಿ ಒಡೆಯೋದಿಲ್ಲ.

ಈ ರೊಟ್ಟಿಯ ಮೇಲೆ ಯಾರ ಹೆಸರೂ ಇರೋದಿಲ್ಲ. ಯಾರ ಮನೆ ಜೋಳ, ಯಾರ ಕೈ, ಯಾರು ಉಂಡರು, ಗೊತ್ತಾಗೋದಿಲ್ಲ. ನಮ್ಮ ಅಮ್ಮಂದಿರ ಭಕ್ತಿ ಬಹಳ ಮಟ್ಟಿಗೆ ಇಂಥದ್ದು. ಈಗೀಗ ಅಂಗಡಿಯಿಂದ ರೊಟ್ಟಿ ಕೊಂಡು ಮಠಕ್ಕೆ ಕೊಡೋರೂ ಇದ್ದಾರೆ. ಕೆಲಸಕ್ಕೆ ಹೋಗೋ ಹೆಣ್ಣುಮಕ್ಕಳಿಗೆ ಟೈಮ್ ಇಲ್ಲ, ಅದರಲ್ಲಿ ತಪ್ಪೇನಿಲ್ಲ. ಆದರೆ ಹಿಟ್ಟು ಮುಟ್ಟಿ ಹೇಳೋ ವಿದ್ಯೆ ಅಂಗಡಿಯಿಂದ ಬರೋದಿಲ್ಲ.

ಅದೇ ಅಮ್ಮ ಅಲಾಯಿ ಹಬ್ಬದಲ್ಲಿ ಮೊಮ್ಮಗನ ಕೊರಳಿಗೆ ಕೆಂಪು ಲಾಡಿ ಕಟ್ಟಿಸಿ, ಫಕೀರನ್ನ ಮಾಡಿ, ಸಕ್ಕರಿ ಓದಿಸಿಕೊಂಡು ಬರುತ್ತಾಳೆ. ಒಬ್ಬರೂ ಮುಸ್ಲಿಮರಿಲ್ಲದ ಊರಲ್ಲೂ ದೇವರು ಕೂಡಿಸುತ್ತಾರೆ. ಇದನ್ನ ಭಾವೈಕ್ಯ ಅಂತ ನಾವು ಪೇಪರಿನಲ್ಲಿ ಬರೆಯುತ್ತೇವೆ. ಅಮ್ಮನಿಗೆ ಆ ಪದ ಗೊತ್ತಿಲ್ಲ. "ಕೂಸಿಗೆ ಜ್ವರ ಬಂದಿತ್ತು, ಬೇಡ್ಕೊಂಡಿದ್ದೆ, ಕಡಿಮಿ ಆತು" ಅಷ್ಟೇ. ಇತ್ತೀಚೆಗೆ ಫೋನಿನಲ್ಲಿ ಬರೋ ವಿಡಿಯೊ ನೋಡಿ ಅಮ್ಮನಿಗೆ ಧರ್ಮ ಕಲಿಸೋಕೆ ಹೋಗೋ ಮೊಮ್ಮಕ್ಕಳನ್ನೂ ನೋಡಿದ್ದೇವೆ. ಅವರು ಒಂದು ತಿಂಗಳು ಫೋನ್ ಬದಿಗಿಟ್ಟು ಆಕೆಯ ಜೊತೆ ಎಲ್ಲ ಗುಡಿ, ದರ್ಗಾ ತಿರುಗಿ ಬರಲಿ ಅನ್ನೋದು ನಮ್ಮ ಅಭಿಪ್ರಾಯ.

ಹಾಗಂತ ಅಮ್ಮನ ಕಾಲದ ನಂಬಿಕೆ ಎಲ್ಲಾ ಬೆಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಎಲ್ಲರ ಅಮ್ಮಂದಿರಿಗೂ ಗುಡಿಯ ಒಳಗೆ ಜಾಗ ಇರಲಿಲ್ಲ. ಹೊಸಲಿನ ಹೊರಗೆ ನಿಂತೇ ಕಾಯಿ ಒಡೆಸಿಕೊಂಡು ಬಂದವರಿದ್ದಾರೆ. ಹಳೇ ಕಾಲದ ಮಾತು ಅಂತ ತಳ್ಳಿ ಹಾಕೋಕೂ ಬರೋದಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ ಹುಟ್ಟುಹಬ್ಬದ ದಿನ ಕೈ ಮುಗಿಸೋಕೆ ಅಂತ ಕರೆದುಕೊಂಡು ಹೋದ ಎರಡು ವರ್ಷದ ದಲಿತ ಕೂಸು ಹನುಮಪ್ಪನ ಗುಡಿಯೊಳಗೆ ಓಡಿಹೋಯಿತು. ಗುಡಿ ಶುದ್ಧಿ ಮಾಡಬೇಕು ಅಂತ ಮನೆಯವರಿಗೆ 25 ಸಾವಿರ ದಂಡ ಕೇಳಿದರು. ಪೊಲೀಸರು ಬಂದರು, ದೇಶಕ್ಕೆಲ್ಲ ಸುದ್ದಿಯಾಯಿತು.

ಹರಕೆಯಲ್ಲೂ ಎರಡು ಬಗೆ ಇತ್ತು. ಒಂದು ಹರಕೆ ಕೂಸಿಗೆ ದೇವರ ಹೆಸರು ಕೊಟ್ಟಿತು. ಇನ್ನೊಂದು ಹರಕೆ ಹೆಣ್ಣುಮಗಳನ್ನೇ ದೇವರಿಗೆ ಬಿಟ್ಟಿತು. ಮುತ್ತು ಕಟ್ಟೋದನ್ನ 1982ರ ಕಾನೂನು ತಡೆದಿದೆ. ಅದಕ್ಕೂ ಮುಂಚೆ ಮುತ್ತು ಕಟ್ಟಿಸಿಕೊಂಡವರು ಈಗ ಅಮ್ಮಂದಿರಾಗಿದ್ದಾರೆ, ಮೊಮ್ಮಕ್ಕಳು ಡಿಗ್ರಿ ಓದುತ್ತಿದ್ದಾರೆ. ಅವರ ಮನೆಯ ನೆನಪು ಯಾವ ಸ್ಟೇಟಸ್ಸಿಗೂ ಬರೋದಿಲ್ಲ. ಕೇಳುವಾಗ ಇದನ್ನೂ ಕೇಳೋ ಧೈರ್ಯ ಇರಬೇಕು. ಹೇಳೋದು ಬಿಡೋದು ಅವರಿಗೆ ಬಿಟ್ಟದ್ದು.

ಕೇಳಿಸಿಕೊಂಡರೆ ಏನಾಗುತ್ತದೆ ಅನ್ನೋದಕ್ಕೆ ನಮ್ಮ ಜಿಲ್ಲೆಯಲ್ಲೇ ಒಬ್ಬ ಅಮ್ಮ ಇದ್ದಾರೆ. ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ. ತೊಗಲುಗೊಂಬೆಯಾಟದವರು. 2025ರ ಜನವರಿ 25ರ ಸಂಜೆ ಪದ್ಮ ಪ್ರಶಸ್ತಿ ಪಟ್ಟಿ ಬಂದಾಗ ಪದ್ಮಶ್ರೀಯಲ್ಲಿ ಅವರ ಹೆಸರಿತ್ತು, ಆಗ ಅವರಿಗೆ 96 ವರ್ಷ. ರಾಮಾಯಣ, ಮಹಾಭಾರತ ಅವರಿಗೆ ಶಾಲೆಯಿಂದ ಬಂದದ್ದಲ್ಲ. ತೊಗಲುಗೊಂಬೆಯವರ ಮನೆಗಳಲ್ಲಿ ಪರದೆಯ ಹಿಂದೆ ಗಂಡಸರು ಗೊಂಬೆ ಆಡಿಸಿದರೆ ಹೆಂಗಸರು ದನಿ ಕೊಡುತ್ತಾರೆ, ಹಾಡುತ್ತಾರೆ. ಮಕ್ಕಳು ಅಲ್ಲೇ ನಿದ್ದೆ ಹೋಗಿ ಅಲ್ಲೇ ಎದ್ದು ಕಲಿಯುತ್ತಾರೆ. ಆಟಕ್ಕೆ ಮುಂಚೆ ಗೊಂಬೆಗೆ ಪೂಜೆ. ಗೊಂಬೆ ಹಳತಾಗಿ ಹರಿದರೂ ತಿಪ್ಪೆಗೆ ಎಸೆಯೋದಿಲ್ಲ, ಹೊಳೆಗೆ ಬಿಡುತ್ತಾರೆ, ಮನೆಯವರನ್ನ ಕಳಿಸಿಕೊಟ್ಟ ಹಾಗೆ. ಭೀಮವ್ವನವರ ಮನೆಮಂದಿ ಇವತ್ತಿಗೂ ಆಟ ಆಡುತ್ತಾರೆ. ಪ್ರಶಸ್ತಿ ಬಂದ ಮೇಲೆ ಸೆಲ್ಫಿಗೆ ಹೋದವರು ಬಹಳ. ಅದಕ್ಕೂ ಮೊದಲು ರಾತ್ರಿಯಿಡೀ ಕೂತು ಅವರ ಆಟ ನೋಡಿದವರು ಎಷ್ಟು ಜನ ಅಂತ ನಮ್ಮ ನಮ್ಮಲ್ಲೇ ಎಣಿಸಿಕೊಳ್ಳಬಹುದು.

ಪದ್ಮಶ್ರೀ ಬರೋ ಅಮ್ಮಂದಿರು ಒಬ್ಬಿಬ್ಬರು. ಉಳಿದವರು ಮೊಮ್ಮಕ್ಕಳನ್ನ ನೋಡಿಕೊಂಡು ಮನೆಯಲ್ಲಿದ್ದಾರೆ. ಕುಷ್ಟಗಿ, ಯಲಬುರ್ಗಾ ಕಡೆ ಸುಗ್ಗಿ ಮುಗಿದರೆ ಬೆಂಗಳೂರು, ಮಂಗಳೂರು, ಗೋವಾ ಅಂತ ಗುಳೆ ಹೋಗೋರು ಇಂದಿಗೂ ಇದ್ದಾರೆ. ಅವ್ವ ಅಪ್ಪ ಇಟ್ಟಿಗೆ ಹೊರುತ್ತಿರುವಾಗ ಇಲ್ಲಿ ಮಕ್ಕಳಿಗೆ ಉಣಿಸಿ, ಶಾಲೆಗೆ ಅಟ್ಟಿ, ರಾತ್ರಿ ಕತೆ ಹೇಳಿ ಮಲಗಿಸೋದು ಅಮ್ಮ. ಈಗ ಕತೆಯ ಜಾಗದಲ್ಲಿ ರೀಲ್ಸ್ ಬಂದಿದೆ, ಒಪ್ಪಿಕೊಳ್ಳೋಣ. ಕಣ್ಣು ಕಾಣದ ಅಮ್ಮ, ಕಿವಿಗೆ ಇಯರ್‌ಫೋನ್ ಹಾಕಿಕೊಂಡ ಮೊಮ್ಮಗ, ಒಂದೇ ಕೌದಿಯ ಕೆಳಗೆ.

ಅದೇ ಫೋನಿನಲ್ಲಿ ರೆಕಾರ್ಡರ್ ಇದೆ. ನಮಗೆ ಅನುಭವದಿಂದ ತಿಳಿದ ನಾಲ್ಕು ಮಾತು ಹೇಳುತ್ತೇವೆ. ಫ್ಯಾನ್ ಬಂದ್ ಮಾಡಿ, ಇಲ್ಲವಾದರೆ ಅದರ ಸದ್ದೇ ಕೇಳುತ್ತದೆ. ಕ್ಯಾಮೆರಾ ಬೇಡ, ಕ್ಯಾಮೆರಾ ಕಂಡರೆ ಅಮ್ಮ ಸೆರಗು ಸರಿ ಮಾಡಿಕೊಂಡು ಸುಮ್ಮನಾಗುತ್ತಾಳೆ. ರೆಕಾರ್ಡ್ ಮಾಡುತ್ತಿದ್ದೇನೆ ಅಂತ ಮೊದಲೇ ಹೇಳಿ, ಕದ್ದು ಮಾಡಬೇಡಿ. "ನಿನ್ನ ಜೀವನದ ಬಗ್ಗೆ ಹೇಳು" ಅಂತ ಟಿವಿಯವರ ಹಾಗೆ ಕೇಳಿದರೆ "ಏನೈತಿ ಹೇಳಾಕ" ಅಂತಾಳೆ. ನನಗೆ ಈ ಹೆಸರು ಯಾಕೆ ಇಟ್ಟಿ ಅಂತ ಕೇಳಿ. ಮದುವೆಯಾಗಿ ಬಂದ ದಿನ ಈ ಮನೆಯಲ್ಲಿ ಏನು ಅಡಿಗೆ ಮಾಡಿದ್ದರು ಅಂತ ಕೇಳಿ. ಬೀಸೋ ಕಲ್ಲಿನ ಮುಂದೆ ಏನು ಹಾಡುತ್ತಿದ್ದಿ ಅಂತ ಕೇಳಿ. ಹಾಡು ಬರಿ ಬಾಯಿಗೆ ಬರೋದಿಲ್ಲ ಅಂದರೆ ಕೈಗೆ ಒಂದು ಮೊರ ಕೊಡಿ, ಇಲ್ಲಾ ಸುಲಿಯೋಕೆ ನಾಲ್ಕು ಶೇಂಗಾ ಕೊಡಿ. ಕೈ ಆಡಿದರೆ ಹಾಡು ಬರುತ್ತದೆ.

ರೆಕಾರ್ಡ್ ಮಾಡಿದ್ದನ್ನ ನಮಗೆ ಕಳಿಸಲೇಬೇಕು ಅಂತ ಏನಿಲ್ಲ, ಎಲ್ಲೂ ಹಾಕಬೇಕಾಗಿಯೂ ಇಲ್ಲ. ನಿಮ್ಮ ಮನೆಯಲ್ಲೇ ಇರಲಿ. ಫೈಲಿಗೆ ಅಮ್ಮನ ಹೆಸರು, ಊರು, ತಾರೀಖು ಹಾಕಿ ಇಡಿ. ಗುಳೆ ಹೋದ ಅವ್ವ ಅಪ್ಪನಿಗೂ ಒಂದು ಕಳಿಸಿ. ಫೋನ್ ಮಾರುವಾಗ ಮೆಮೊರಿ ಕಾರ್ಡ್ ತೆಗೆದಿಟ್ಟುಕೊಳ್ಳೋದು ಮರೀಬೇಡಿ.