ಕಂಬಿ ಊರಿಗೆ ಬಂದ ಮೇಲೆ

ಯುಗಾದಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗಿದ್ದ ವಿಜಯಪುರ, ಬಾಗಲಕೋಟೆ, ಬೆಳಗಾವಿ ಸೀಮೆಯ ಸದ್ಭಕ್ತರು ಊರು ಸೇರಿದ್ದಾರೆ. ಹೋಗುವಾಗ ಕಾಲ್ನಡಿಗೆ, ಬರುವಾಗ ಹೆಚ್ಚಿನವರಿಗೆ ವಾಹನ. ವೆಂಕಟಾಪುರ ದಾಟಿದ ಮೇಲೆ ನಾಗಲೂಟಿ, ಪೆಚ್ಚೆರುವು, ಭೀಮನಕೊಳ್ಳದ ಅರಣ್ಯಮಾರ್ಗದಲ್ಲಿ ಎದ್ದ ಅಂಗಾಲಿನ ಬೊಬ್ಬೆ ಇನ್ನೂ ಮಾಯ್ದಿಲ್ಲ. ಮಲ್ಲಯ್ಯನ ಕಂಬಿಗೆ ಐದೇಶಿಯಾಗಿದೆ, ಪ್ರಸಾದವೂ ಆಗಿದೆ. ಸಂತೋಷ.

ಐದೇಶಿಯ ಮರುದಿನ ನಮ್ಮ ಮಠಕ್ಕೆ ಒಂದೇ ಮನೆಯ ಅಣ್ಣ ತಮ್ಮ ಬೇರೆ ಬೇರೆ ಹೊತ್ತಿಗೆ ಬಂದರು. ದಾರಿಯುದ್ದಕ್ಕೂ ಒಂದೇ ಗಂಟಿನ ರೊಟ್ಟಿ ಉಂಡವರು. ತಮ್ಮನ ಕಾಲು ಬಾತಾಗ ಅವನ ಚೀಲ ಹೊತ್ತವನು ಅಣ್ಣನೇ. ಊರಿಗೆ ಬಂದು ಎರಡು ದಿನವಾಗುವಷ್ಟರಲ್ಲಿ ಹೊಲದ ಬದುವಿಗಾಗಿ ಕೈಕೈ ಹಿಡಿದಾಡಿದ್ದರು. ಕೊರಳ ಮಾಲೆ ತೆಗೆದ ಸಂಜೆಯೇ ಮದ್ಯದಂಗಡಿಗೆ ನಡೆದವರ ಸುದ್ದಿಯೂ ನಮಗೆ ಬಂದಿದೆ. ಅದು ಬೇರೆ ಮಾತು.

ನಮ್ಮ ಭಾಗದ ಭಕ್ತರಿಗೆ ಭ್ರಮರಾಂಬೆ ಮನೆಮಗಳು, ಮಲ್ಲಯ್ಯ ಅಳಿಯ. ಅದಕ್ಕೇ ಮಗಳಿಗೆಂದು ಸೀರೆ, ಕುಪ್ಪಸ ಹೊತ್ತು ಬೆಟ್ಟ ಏರುತ್ತಾರೆ. ಈ ಸಹೋದರರೂ ಒಯ್ದಿದ್ದರು. ಆದರೆ ಒಡಹುಟ್ಟಿದ ತಂಗಿ ತನ್ನ ಪಾಲು ಕೇಳಿದಳೆಂದು ಮೂರು ವರ್ಷದಿಂದ ಅವಳನ್ನು ತವರಿಗೆ ಕರೆದಿಲ್ಲ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲೆಂದು 2005ರಲ್ಲಿ ಕಾಯಿದೆಯೇ ಆಗಿದೆ. ಪಾಲಿನ ಮಾತು ಹಾಗಿರಲಿ, ಹಬ್ಬಕ್ಕೊಂದು ಕುಪ್ಪಸದ ಕಣವೂ ಆ ಮನೆಯಿಂದ ಹೋಗಿಲ್ಲ. ದೇವಿಗೆ ಉಡಿಸಿದ ಸೀರೆಯನ್ನು ಆ ತಾಯಿ ಹೇಗೆ ಉಟ್ಟಾಳು?

ಸೊನ್ನಲಿಗೆಯ ಸಿದ್ಧರಾಮೇಶ್ವರರ ಕಥೆಯನ್ನು ಹಿರಿಯರು ಬಲ್ಲರು. ಮಲ್ಲಯ್ಯನಿಗಾಗಿ ಹಂಬಲಿಸುತ್ತ ಯಾತ್ರಿಕರ ಬೆನ್ನುಹತ್ತಿ ಶ್ರೀಶೈಲ ಸೇರಿದ ಬಾಲಕ ಅವರು. ದರ್ಶನವಿತ್ತ ಸ್ವಾಮಿ ಅವರನ್ನು ಅಲ್ಲಿಯೇ ಇರಿಸಿಕೊಳ್ಳಲಿಲ್ಲ, ಊರಿಗೆ ಹಿಂದಿರುಗಿಸಿದ. ರಾಘವಾಂಕನ ‘ಸಿದ್ಧರಾಮ ಚಾರಿತ್ರ’ದಲ್ಲಿ ಇದು ಬಂದಿದೆ. ಮರಳಿ ಬಂದ ಆ ಮಹಾನುಭಾವರು ಕೆರೆ ತೋಡಿಸಿದರು, ಗುಡಿ ಕಟ್ಟಿಸಿದರು. ಇಂದಿನ ಸೊಲ್ಲಾಪುರದಲ್ಲಿ ಆ ಕೆರೆಯನ್ನು ಯಾರೂ ನೋಡಬಹುದು. ಅವರ ಯಾತ್ರೆ ಬೆಟ್ಟದ ಮೇಲೆ ಮುಗಿಯಲಿಲ್ಲ, ಊರಿಗೆ ಬಂದಮೇಲೆ ಶುರುವಾಯಿತು. ನಾವು ಅಲ್ಲಿಂದ ಪ್ರಸಾದದ ಪೊಟ್ಟಣವನ್ನಷ್ಟೇ ತಂದು ಹಂಚಿ ಕೈತೊಳೆದುಕೊಳ್ಳುತ್ತೇವೆ.

ಆ ಇಬ್ಬರನ್ನೂ ಒಟ್ಟಿಗೆ ಕೂಡಿಸಿಕೊಂಡು ಹೇಳಿದೆವು: ಕಂಬಿ ಹೊತ್ತ ಹೆಗಲ ಮೇಲೆ ಹಾರೆ ಹೊತ್ತು ಹೊಲಕ್ಕೆ ಬನ್ನಿ, ನಾವೂ ಬರುತ್ತೇವೆ, ಬದುವಿನ ಕಲ್ಲನ್ನು ನಮ್ಮೆದುರೇ ನೆಡಿರಿ, ತಂಗಿಯೂ ಅಲ್ಲಿರಲಿ. ಅಕ್ಷಯ ತದಿಗೆಗೆ ಅವಳನ್ನು ಕರೆತರಲು ಅಣ್ಣ ಒಪ್ಪಿದ್ದಾನೆ. ತಮ್ಮ ಇನ್ನೂ ಬಾಯಿ ಬಿಟ್ಟಿಲ್ಲ.