ಕಾಡಿನಲ್ಲಿ ಮನುಷ್ಯರ ಮೇಲೆ ಬಂದೂಕು ಬಳಕೆಗೆ ಲಿಖಿತ ನಿಯಮ ಕೋರಿ ಮನವಿ ಪತ್ರ

ಗೆ,
ಮಾನ್ಯ ಅಧ್ಯಕ್ಷರು ಹಾಗೂ ಸದಸ್ಯರು,
ಕರ್ನಾಟಕ ರಾಜ್ಯ ವನ್ಯಜೀವಿ ಮಂಡಳಿ,
ಬೆಂಗಳೂರು.

ಇಂದ,
ಎಚ್.ಡಿ. ಕೋಟೆ, ಪಿರಿಯಾಪಟ್ಟಣ, ಗುಂಡ್ಲುಪೇಟೆ ಮತ್ತು ಹನೂರು ತಾಲ್ಲೂಕುಗಳ ಕಾಡಂಚಿನ ನಿವಾಸಿಗಳು, ಹಾಡಿಗಳ ಯಜಮಾನರು, ನಿವೃತ್ತ ವಾಚರ್‌ಗಳು ಮತ್ತು ವನ್ಯಜೀವಿ ಕಾರ್ಯಕರ್ತರು.

ವಿಷಯ: ಕಳ್ಳಬೇಟೆ ತಡೆಯುವ ಸಂದರ್ಭದಲ್ಲಿ ಬಂದೂಕು ಬಳಸುವ ಬಗ್ಗೆ ಲಿಖಿತ ನಿಯಮ, ಸ್ವತಂತ್ರ ತನಿಖೆ ಹಾಗೂ ಕ್ಷೇತ್ರ ಸಿಬ್ಬಂದಿಯ ಭದ್ರತೆಗಾಗಿ ಮನವಿ.

ಮಾನ್ಯರೇ,

2022ರ ಗಣತಿಯಲ್ಲಿ ನಮ್ಮ ರಾಜ್ಯದ ಹುಲಿಗಳ ಸಂಖ್ಯೆ 563 ಎಂದಾಯಿತು. 2023ರಲ್ಲಿ ಆನೆಗಳು 6,395. ಆ ಆನೆಗಳಿಗೆ ರಾಗಿ, ಜೋಳ, ಬಾಳೆ ಕಳೆದುಕೊಳ್ಳುವವರು ನಾವೇ. ಆದರೂ ಈ ಸಂಖ್ಯೆಗಳ ಬಗ್ಗೆ ನಮಗೆ ಹೆಮ್ಮೆಯಿದೆ. ಕಳ್ಳಬೇಟೆಗಾರರಿಗೆ ರಿಯಾಯಿತಿ ಕೇಳಲು ನಾವು ಬಂದಿಲ್ಲ. ನಮ್ಮ ಕೋರಿಕೆ ಇಷ್ಟೇ: ಕಾಡಿನಲ್ಲಿ ಮನುಷ್ಯನ ಮೇಲೆ ಗುಂಡು ಹಾರಬೇಕಾದರೆ, ಆ ಕ್ಷಣದಲ್ಲಿ ಇನ್ನೊಬ್ಬ ಮನುಷ್ಯನ ಜೀವ ಉಳಿಸಲು ಬೇರೆ ದಾರಿಯೇ ಇಲ್ಲದಂತಿರಬೇಕು. ಓಡಿದ, ಕೂಗಿದರೂ ನಿಲ್ಲಲಿಲ್ಲ, ರಾತ್ರಿ ಕಾಡಿನಲ್ಲಿದ್ದ, ಕೈಯಲ್ಲಿ ಕಡವೆ ಮಾಂಸವಿತ್ತು ಎಂಬ ಯಾವ ಕಾರಣವೂ ಸಾಲದು.

ಇದನ್ನು ಈಗ ಕೇಳಲು ಕಾರಣಗಳಿವೆ. 2021ರ ಡಿಸೆಂಬರಿನಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಹಾಡಿಯೊಂದರ ಜೇನುಕುರುಬ ವ್ಯಕ್ತಿಗೆ ಅರಣ್ಯ ಸಿಬ್ಬಂದಿಯ ಗುಂಡು ತಗುಲಿತು. 2022ರ ಅಕ್ಟೋಬರಿನಲ್ಲಿ ಜಿಂಕೆ ಮಾಂಸದ ಆರೋಪದ ಮೇಲೆ ಹಿಡಿದೊಯ್ದಿದ್ದ ಎಚ್.ಡಿ. ಕೋಟೆ ತಾಲ್ಲೂಕಿನ ಆದಿವಾಸಿಯೊಬ್ಬರು ಇಲಾಖೆಯ ವಶದಲ್ಲಿದ್ದಾಗ ತೀರಿಕೊಂಡರು. ಸಿಬ್ಬಂದಿಯ ಮೇಲೆ ಮೊಕದ್ದಮೆ ದಾಖಲಾಯಿತು. 2023ರ ಫೆಬ್ರುವರಿಯಲ್ಲಿ ಪಾಲಾರ್ ಬಳಿ ಗುಂಡಿನ ಸದ್ದು ಕೇಳಿದ ಮೇಲೆ ತಮಿಳುನಾಡಿನ ಒಬ್ಬರ ಶವ ಹೊಳೆಯಲ್ಲಿ ಸಿಕ್ಕಿತು. ಅವರು ಜಿಂಕೆ ಬೇಟೆಗೆ ಬಂದವರು ಎಂದು ಇಲಾಖೆ ಹೇಳಿತು, ಮೀನು ಹಿಡಿಯಲು ಹೋದವರು ಎಂದು ಮನೆಯವರು ಹೇಳಿದರು. ಅದೇ ವರ್ಷದ ನವೆಂಬರಿನಲ್ಲಿ ಬಂಡೀಪುರದಲ್ಲಿ ಇನ್ನೊಬ್ಬ ಯುವಕ ಗುಂಡಿಗೆ ಬಲಿಯಾದ. ಇವುಗಳಲ್ಲಿ ಯಾರು ತಪ್ಪಿತಸ್ಥರು ಎಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಆದರೆ ಕಾಡಿನಲ್ಲಿ ರಾತ್ರಿ ನಡೆದದ್ದನ್ನು ಹೇಳಲು ಸಾಮಾನ್ಯವಾಗಿ ಗುಂಡು ಹಾರಿಸಿದ ಕಡೆಯವರು ಮಾತ್ರ ಉಳಿದಿರುತ್ತಾರೆ. ಇಂಥ ಸಂದರ್ಭದಲ್ಲಿ ಸತ್ಯ ಹೊರಬರಲು ಬೇಕಾದ ವ್ಯವಸ್ಥೆ ಇಲಾಖೆಯಲ್ಲಿ ಗಟ್ಟಿಯಾಗಿ ಇಲ್ಲ ಎಂಬುದು ನಮ್ಮ ದೂರು.

ಕಾನೂನು ಏನು ಹೇಳುತ್ತದೆಂಬುದು ಮಂಡಳಿಗೆ ತಿಳಿದೇ ಇದೆ; ಆದರೂ ಎರಡು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ, ಹುಲಿಯನ್ನೇ ಕೊಂದರೂ ಮೊದಲ ಅಪರಾಧಕ್ಕೆ ಗರಿಷ್ಠ ಏಳು ವರ್ಷ ಸೆರೆ. ಮರಣದಂಡನೆಯೂ ಇಲ್ಲ, ಜೀವಾವಧಿಯೂ ಇಲ್ಲ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧದ ಆರೋಪವಿಲ್ಲದವನನ್ನು ಬಂಧಿಸುವ ನೆಪದಲ್ಲಿ ಕೊಲ್ಲುವ ಹಕ್ಕು ಯಾರಿಗೂ ಇಲ್ಲ ಎಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 46(3)ನೇ ಕಲಂ ಹೇಳುತ್ತಿತ್ತು; ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಅದನ್ನು ಹಾಗೆಯೇ ಉಳಿಸಿಕೊಂಡಿದೆ. ಆತ್ಮರಕ್ಷಣೆಯ ಹಕ್ಕು ಎಲ್ಲರಿಗೂ ಇದೆ, ವಾಚರ್‌ಗೂ ಇದೆ. ವನ್ಯಜೀವಿ ಕಾಯ್ದೆಯ 11(2)ನೇ ಕಲಂ ಕೂಡ, ಜೀವ ಉಳಿಸಿಕೊಳ್ಳಲು ಸದುದ್ದೇಶದಿಂದ ಪ್ರಾಣಿಯನ್ನು ಕೊಂದವನನ್ನು ಅಪರಾಧಿ ಎನ್ನುವುದಿಲ್ಲ. ಪ್ರಾಣಿಯ ವಿಷಯದಲ್ಲಿ ಕಾಯ್ದೆ ಇಟ್ಟಿರುವ ಈ ಎಚ್ಚರ ಮನುಷ್ಯನ ವಿಷಯದಲ್ಲಿ ಅದಕ್ಕಿಂತ ಕಡಿಮೆಯಾಗಬಾರದು.

"ಅಸ್ಸಾಮಿನಂತೆ ಇಲ್ಲಿಯೂ ಕಂಡಲ್ಲಿ ಗುಂಡಿಕ್ಕಲಿ" ಎಂಬ ಮಾತು ಪ್ರತಿ ಕಳ್ಳಬೇಟೆಯ ಸುದ್ದಿಯ ಹಿಂದೆಯೇ ಬರುತ್ತದೆ. ಆದ್ದರಿಂದ ಅಲ್ಲಿನ ಕಾಜಿರಂಗ ರಾಷ್ಟ್ರೀಯ ಉದ್ಯಾನದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕಿದೆ. ಶತಮಾನದ ಹಿಂದೆ ಬೆರಳೆಣಿಕೆಯಷ್ಟಿದ್ದ ಘೇಂಡಾಮೃಗಗಳು ಅಲ್ಲಿ 2022ರ ಗಣತಿಗೆ 2,613 ಆದವು. ಇದು ದೇಶವೇ ಹೆಮ್ಮೆಪಡುವ ಸಾಧನೆ. ಅಸ್ಸಾಂ ಸರ್ಕಾರ 2010ರ ಜುಲೈಯಲ್ಲಿ ಅಧಿಸೂಚನೆ ಹೊರಡಿಸಿ, ಗುಂಡು ಹಾರಿಸಿದ ಅರಣ್ಯ ಸಿಬ್ಬಂದಿಯ ಮೇಲೆ ಸುಲಭವಾಗಿ ಮೊಕದ್ದಮೆ ಹೂಡಲಾಗದಂತೆ ರಕ್ಷಣೆ ಕೊಟ್ಟಿತು. ಅದರಿಂದ ಕಳ್ಳಬೇಟೆ ನಿಂತಿತೇ? 2013ರಲ್ಲಿ ಕಾಜಿರಂಗದಲ್ಲಿ 27 ಘೇಂಡಾಮೃಗಗಳು ಹತವಾದವು, 2014ರಲ್ಲಿಯೂ 27. ಅತ್ತ ಸಾಯುವ ಮನುಷ್ಯರ ಸಂಖ್ಯೆ ಏರುತ್ತಲೇ ಹೋಯಿತು. 2015ರಲ್ಲಿ ಕಳ್ಳಬೇಟೆಗಾರರು ಕೊಂದ ಘೇಂಡಾಮೃಗಗಳಿಗಿಂತ ಗುಂಡಿಗೆ ಬಲಿಯಾದ ಮನುಷ್ಯರೇ ಹೆಚ್ಚು. 2016ರ ಜುಲೈಯಲ್ಲಿ ಏಳು ವರ್ಷದ ಬುಡಕಟ್ಟು ಬಾಲಕನ ಕಾಲುಗಳಿಗೆ ಗುಂಡು ತಗುಲಿತು. 2017ರಲ್ಲಿ ಬಿಬಿಸಿ ಇದನ್ನೆಲ್ಲ ಸಾಕ್ಷ್ಯಚಿತ್ರವಾಗಿ ತೋರಿಸಿದಾಗ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಆ ಸಂಸ್ಥೆಗೆ ಹುಲಿ ಕಾಡುಗಳಲ್ಲಿ ಐದು ವರ್ಷ ಚಿತ್ರೀಕರಣ ನಿಷೇಧಿಸಿತು. ಆ ಬಾಲಕನಿಗೆ ಗುಂಡು ತಗುಲಿದ್ದು ಹೇಗೆ ಎಂಬ ಪ್ರಶ್ನೆಗೆ ನಿಷೇಧ ಉತ್ತರವಾಗಲಾರದು.

2022ರಲ್ಲಿ ಅಸ್ಸಾಮಿನಲ್ಲಿ ಒಂದೂ ಘೇಂಡಾಮೃಗ ಕಳ್ಳಬೇಟೆಗೆ ಬಲಿಯಾಗಲಿಲ್ಲ. ಅದರ ಹಿಂದಿನ ವರ್ಷ ಪೊಲೀಸ್ ಮತ್ತು ಅರಣ್ಯ ಇಲಾಖೆ ಸೇರಿದ ಕಾರ್ಯಪಡೆ ಬಂದಿತ್ತು. ಕೊಂಬು ಸಾಗಿಸುವವರ, ಕೊಳ್ಳುವವರ ಜಾಡು ಹಿಡಿಯುವ ಕೆಲಸ ಚುರುಕಾಗಿತ್ತು. ದಾಸ್ತಾನಿನಲ್ಲಿದ್ದ ಸುಮಾರು 2,500 ಕೊಂಬುಗಳನ್ನು ಬಹಿರಂಗವಾಗಿ ಸುಡಲಾಗಿತ್ತು. ಬಂದೂಕು ಅಲ್ಲಿ ಪೂರ್ತಿ ಮೌನವಾಗಿರಲಿಲ್ಲ, ಒಪ್ಪುತ್ತೇವೆ. ಆದರೆ ಹಲವು ವರ್ಷ ಬಂದೂಕೊಂದನ್ನೇ ನೆಚ್ಚಿಕೊಂಡಾಗ ಸಿಗದ ಫಲ, ಜಾಲದ ಬೆನ್ನು ಹತ್ತಿದ ಮೇಲೆ ಸಿಕ್ಕಿತು. ಸತ್ತ ಬೇಟೆಗಾರ ತನ್ನನ್ನು ಕಳಿಸಿದವನ ಹೆಸರು ಹೇಳಲಾರ. ಅವನ ಸಾವಿನಿಂದ ಹೆಚ್ಚು ಲಾಭ ಆಗುವುದು ಕೊಂಬು, ದಂತದ ವ್ಯಾಪಾರಿಗೆ.

ನಮಗೆ ಅಸ್ಸಾಂವರೆಗೆ ಹೋಗುವ ಅಗತ್ಯವೂ ಇಲ್ಲ. ಕಾಡುಗಳ್ಳ ವೀರಪ್ಪನ್ ಕಾಲದಲ್ಲಿ ಮಲೆ ಮಹದೇಶ್ವರ ಬೆಟ್ಟದ ಸೀಮೆ ಅನುಭವಿಸಿದ್ದನ್ನು ಮಂಡಳಿ ಮರೆಯಬಾರದು. ಅವನು ನೂರಾರು ಆನೆಗಳನ್ನು ಕೊಂದ, ಪೊಲೀಸರನ್ನು, ಅರಣ್ಯ ಅಧಿಕಾರಿಗಳನ್ನು ಕೊಂದ. ಆದರೆ ಅವನನ್ನು ಹುಡುಕುವ ನೆಪದಲ್ಲಿ ವಿಶೇಷ ಕಾರ್ಯಪಡೆ ಹಳ್ಳಿಗಳ ಮೇಲೆ ಎಸಗಿದ ಹಿಂಸೆಯ ಬಗ್ಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿಯಿಂದ ವಿಚಾರಣೆ ಮಾಡಿಸಬೇಕಾಯಿತು. 2007ರಲ್ಲಿ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಲು ಆಯೋಗ ಹೇಳಿತು. ಚಿತ್ರಹಿಂಸೆ ಉಂಡವರು, ಗಂಡನನ್ನು ಕಳೆದುಕೊಂಡವರು ಇಂದಿಗೂ ಆ ಊರುಗಳಲ್ಲಿದ್ದಾರೆ. ಅದೇ ಸೀಮೆಯ ಗೋಪಿನಾಥಂನಲ್ಲಿ ಉಪ ಅರಣ್ಯ ಸಂರಕ್ಷಣಾಧಿಕಾರಿ (ಡಿಸಿಎಫ್) ಪಿ. ಶ್ರೀನಿವಾಸ್ ಅವರನ್ನು ಜನ ಇಂದಿಗೂ ಭಕ್ತಿಯಿಂದ ನೆನೆಯುತ್ತಾರೆ. ಊರಿನವರೊಡನೆ ಬಾಳಿ, ಅವರ ವಿಶ್ವಾಸ ಗಳಿಸಿ, ಶರಣಾಗತಿ ಮಾಡಿಸಲು ಹೊರಟು 1991ರ ನವೆಂಬರಿನಲ್ಲಿ ವೀರಪ್ಪನ್ ಕೈಯಲ್ಲಿ ಪ್ರಾಣ ಕೊಟ್ಟ ಅಧಿಕಾರಿ ಅವರು. ಶ್ರೀನಿವಾಸ್ ಅವರ ದಾರಿ ಅಪಾಯದ್ದಾಗಿತ್ತು, ನಿಜ. ಆದರೆ ಇಲಾಖೆಗೆ ಆ ಊರಿನಲ್ಲಿ ಉಳಿದಿರುವ ಗೌರವವೆಲ್ಲ ಅವರು ಗಳಿಸಿಕೊಟ್ಟದ್ದು.

ಇನ್ನು ವಾಚರ್‌ಗಳ ಮಾತು. ಈ ಮನವಿಗೆ ಸಹಿ ಹಾಕಿದವರಲ್ಲಿ ಕಳ್ಳಬೇಟೆ ತಡೆ ಶಿಬಿರಗಳಲ್ಲಿ ವರ್ಷಗಟ್ಟಲೆ ಗಸ್ತು ತಿರುಗಿದವರಿದ್ದಾರೆ. ಶಿಬಿರಗಳಲ್ಲಿ ದುಡಿಯುವವರಲ್ಲಿ ಬಹಳಷ್ಟು ಮಂದಿ ಜೇನುಕುರುಬರು, ಬೆಟ್ಟಕುರುಬರು, ಸೋಲಿಗರು. ಅನೇಕರು ಹೊರಗುತ್ತಿಗೆಯಲ್ಲಿ ಇರುವವರು. ನಾಡಬಂದೂಕು ಹಿಡಿದವನು ಎದುರಾದಾಗ ಮೊದಲು ಸಾಯುವವರು ಇವರು. ಏನು ಮಾಡಬಹುದು, ಏನು ಮಾಡಬಾರದು ಎಂದು ಬರೆದುಕೊಟ್ಟವರಿಲ್ಲ. ಮೇಲಿನವರ ಬಾಯಿಮಾತಿನ ಧೈರ್ಯದ ಮೇಲೆ ಟ್ರಿಗರ್ ಒತ್ತಿದ ವಾಚರ್ ನಾಳೆ ಕೋರ್ಟಿನ ಕಟಕಟೆಯಲ್ಲಿ ಒಬ್ಬನೇ ನಿಲ್ಲುತ್ತಾನೆ. ಸ್ಪಷ್ಟ ನಿಯಮ ಹಾಡಿಯವನನ್ನು ಕಾಯುವಷ್ಟೇ ಈ ವಾಚರ್‌ನನ್ನೂ ಕಾಯುತ್ತದೆ; ಎಷ್ಟೋ ಸಲ ಇಬ್ಬರೂ ಒಂದೇ ಮನೆಯವರು.

2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ತಾಯಿಹುಲಿ ಮತ್ತು ನಾಲ್ಕು ಮರಿಗಳು ವಿಷ ಹಾಕಿದ ಹಸುವಿನ ಮಾಂಸ ತಿಂದು ಸತ್ತವು. ಆ ಐದು ಹುಲಿಗಳನ್ನು ಯಾವ ಬಂದೂಕೂ ಉಳಿಸುತ್ತಿರಲಿಲ್ಲ. ಹಸು ಸತ್ತ ದಿನವೇ ಪರಿಹಾರ ಕೈಸೇರಿದ್ದರೆ, ಶಿಬಿರದ ಸಿಬ್ಬಂದಿಗೆ ಸಂಬಳ ಬಾಕಿ ಇಲ್ಲದೆ ಗಸ್ತು ಸರಿಯಾಗಿ ನಡೆದಿದ್ದರೆ ಬಹುಶಃ ಉಳಿಯುತ್ತಿದ್ದವು. ಕಾಡುಹಂದಿಗೆಂದು ಒಡ್ಡಿದ ಉರುಳಿಗೆ ಹುಲಿ, ಚಿರತೆ ಸಿಕ್ಕಿ ಸಾಯುವುದೂ ಹೀಗೆಯೇ. ಉರುಳು ಒಡ್ಡಿದವನು ಸ್ಥಳದಲ್ಲಿ ಇರುವುದೇ ಇಲ್ಲ, ಗುಂಡು ಯಾರ ಮೇಲೆ ಹಾರಿಸುವುದು?

ಆದ್ದರಿಂದ ಮಂಡಳಿಯಲ್ಲಿ ನಮ್ಮ ಬೇಡಿಕೆಗಳು ಇವು.

ಬಂದೂಕು ಬಳಕೆಯ ನಿಯಮಾವಳಿಯನ್ನು ಮಂಡಳಿ ಶಿಫಾರಸು ಮಾಡಿ, ಸರ್ಕಾರ ಕನ್ನಡದಲ್ಲಿ ಹೊರಡಿಸಬೇಕು. ಪ್ರತಿ ಶಿಬಿರದ ಗೋಡೆಯ ಮೇಲೆ ಅದು ಇರಬೇಕು. ಕಣ್ಣಿಗೆ ಕಾಣದ್ದಕ್ಕೆ, ಸದ್ದಿಗೆ, ಟಾರ್ಚ್ ಬೆಳಕಿಗೆ ಗುಂಡು ಹಾರಿಸಕೂಡದು. ಓಡುತ್ತಿರುವವನ ಬೆನ್ನಿಗೆ ಹಾರಿಸಕೂಡದು. ಗಡಿ ವಲಯಗಳಲ್ಲಿ ಎಚ್ಚರಿಕೆಯನ್ನು ತಮಿಳು, ಮಲಯಾಳಂಗಳಲ್ಲಿಯೂ ಕೂಗಬೇಕು. ಗಾಯಗೊಂಡವನನ್ನು, ಅವನು ಯಾರೇ ಆಗಿರಲಿ, ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ಹಾರಿದ ಪ್ರತಿ ಗುಂಡಿಗೂ ಲೆಕ್ಕವಿರಬೇಕು. ಅರಣ್ಯ ಹಕ್ಕು ಕಾಯ್ದೆ, 2006ರ ಪ್ರಕಾರ ಜೇನು, ಗೆಣಸು, ಸೊಪ್ಪಿಗೆ ಕಾಡಿಗೆ ಹೋಗುವ ಹಕ್ಕುದಾರರು ಇರುವ ಕಾಡು ಇದು ಎಂಬುದನ್ನು ನಿಯಮಾವಳಿಯ ಮೊದಲ ಪುಟದಲ್ಲೇ ಬರೆಯಬೇಕು.

ಎನ್‌ಕೌಂಟರ್ ಸಾವುಗಳ ಬಗ್ಗೆ ಸುಪ್ರೀಂ ಕೋರ್ಟ್ 2014ರಲ್ಲಿ ಪಿಯುಸಿಎಲ್ ಪ್ರಕರಣದಲ್ಲಿ ಪೊಲೀಸರಿಗೆ ವಿಧಿಸಿದ ಮಾರ್ಗಸೂಚಿಗಳನ್ನು ಅರಣ್ಯ ಇಲಾಖೆಗೂ ಅನ್ವಯಿಸಬೇಕು: ಎಫ್‌ಐಆರ್, ಸಿಐಡಿಯಿಂದ ಇಲ್ಲವೇ ಬೇರೆ ಠಾಣೆಯ ತಂಡದಿಂದ ತನಿಖೆ, ಮ್ಯಾಜಿಸ್ಟ್ರೇಟ್ ವಿಚಾರಣೆ, ಮಾನವ ಹಕ್ಕುಗಳ ಆಯೋಗಕ್ಕೆ ಮಾಹಿತಿ. ತನಿಖೆ ಮುಗಿಯುವ ಮೊದಲೇ ಸತ್ತವನನ್ನು "ಕಳ್ಳಬೇಟೆಗಾರ" ಎಂದು ಪತ್ರಿಕಾ ಹೇಳಿಕೆ ಕೊಡುವುದನ್ನು ನಿಲ್ಲಿಸಬೇಕು. ಅಸ್ಸಾಮಿನ 2010ರ ಅಧಿಸೂಚನೆಯಂಥ ಅಥವಾ 2012ರಲ್ಲಿ ಮಹಾರಾಷ್ಟ್ರ ಸರ್ಕಾರ ಘೋಷಿಸಿದಂಥ ಮುಂಗಡ ವಿನಾಯಿತಿ ಕರ್ನಾಟಕಕ್ಕೆ ಬೇಡ.

ಹೊರಗುತ್ತಿಗೆ ಸಿಬ್ಬಂದಿಗೆ ಪ್ರತಿ ತಿಂಗಳು ತಪ್ಪದೆ ಸಂಬಳ, ಜೀವವಿಮೆ, ಬಂದೂಕು ಬಳಕೆಯ ತರಬೇತಿ ಮತ್ತು ನಿಯಮ ಪಾಲಿಸಿಯೂ ಮೊಕದ್ದಮೆಗೆ ಸಿಲುಕಿದವರಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡಬೇಕು. ದಂತ, ಉಗುರು, ಚರ್ಮದ ವ್ಯಾಪಾರ ಜಾಲ ಹಿಡಿಯಲು ಪ್ರತಿ ವನ್ಯಜೀವಿ ವೃತ್ತದಲ್ಲಿ ಗುಪ್ತ ಮಾಹಿತಿ ಘಟಕ ಮತ್ತು ವನ್ಯಜೀವಿ ಪ್ರಕರಣಗಳಿಗೇ ಮೀಸಲಾದ ಸರ್ಕಾರಿ ಅಭಿಯೋಜಕರು ಬೇಕು.

ಈ ವಿಷಯವನ್ನು ಮಂಡಳಿಯ ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸಬೇಕು. ತೀರ್ಮಾನಕ್ಕೆ ಮುನ್ನ ಹುಣಸೂರು, ಗುಂಡ್ಲುಪೇಟೆ ಮತ್ತು ಹನೂರಿನಲ್ಲಿ ಬಹಿರಂಗ ಅಹವಾಲು ಸಭೆ ನಡೆಸಿ, ಹಾಡಿಯ ಹೆಂಗಸರ ಮತ್ತು ಶಿಬಿರಗಳ ವಾಚರ್‌ಗಳ ಮಾತನ್ನು ಅಧಿಕಾರಿಗಳ ಅನುಪಸ್ಥಿತಿಯಲ್ಲಿಯೂ ಆಲಿಸಬೇಕೆಂದು ಕೋರುತ್ತೇವೆ.



ಇಂತಿ ತಮ್ಮ ವಿಶ್ವಾಸಿಗಳು,
(ಸಹಿ ಮತ್ತು ಹೆಬ್ಬೆಟ್ಟಿನ ಗುರುತುಗಳ ಪಟ್ಟಿ ಲಗತ್ತಿಸಿದೆ)

ಪ್ರತಿ: ಕರ್ನಾಟಕ ರಾಜ್ಯ ಮಾನವ ಹಕ್ಕುಗಳ ಆಯೋಗ, ಪ್ರಧಾನ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ (ವನ್ಯಜೀವಿ).