75 ನಿಮಿಷಗಳ ಜಗಳ

ಮೃದಂಗದ ಎಡಮುಖಕ್ಕೆ ರವೆ ಹಚ್ಚದೆ ವಿದ್ವಾಂಸರೊಬ್ಬರು ಕಚೇರಿಗೆ ಕೂತರು ಎಂದುಕೊಳ್ಳಿ. ಮೊದಲ ಪೆಟ್ಟಿಗೇ ಮುಂದಿನ ಸಾಲಿನವರು ಮುಖ ಮುಖ ನೋಡಿಕೊಳ್ಳುತ್ತಾರೆ. 2003ರ ಜೂನ್‌ನಲ್ಲಿ ಮೆಟಾಲಿಕಾ ತಂಡದ ‘ಸೇಂಟ್ ಆ್ಯಂಗರ್’ ಆಲ್ಬಂ ಹೊರಬಿದ್ದಾಗ ಹೆವಿ ಮೆಟಲ್ ಕೇಳುಗರ ಪಾಡು ಹೆಚ್ಚುಕಡಿಮೆ ಹೀಗೇ ಆಯಿತು. ಸ್ನೇರ್ ಡ್ರಮ್ಮಿನ ಕೆಳಗಡೆ ಸುರುಳಿ ತಂತಿಗಳ ಒಂದು ಪಟ್ಟಿ ಇರುತ್ತದೆ. ಪಕ್ಕದ ಪುಟ್ಟ ಹಿಡಿಯನ್ನು ಎತ್ತಿದರೆ ತಂತಿಗಳು ಕೆಳಮುಖಕ್ಕೆ ಒತ್ತಿಕೊಂಡು ‘ಛಟ್’ ಎನ್ನುವ ಬಿಗಿ ಸದ್ದು ಬರುತ್ತದೆ. ಇಳಿಸಿದರೆ ಬರೀ ‘ಠಣ್’. ಡ್ರಮ್ಮರ್ ಲಾರ್ಸ್ ಉಲ್ರಿಕ್ ಒಂದು ದಿನ ಅದನ್ನು ಬಿಗಿಮಾಡಲು ಮರೆತರು. ಮುದ್ರಿಸಿದ್ದನ್ನು ಮತ್ತೆ ಕೇಳಿಸಿಕೊಂಡಾಗ ಆ ಠಣ್ ಅವರಿಗೆ ಹಿಡಿಸಿಬಿಟ್ಟಿತು, ಹಾಗೇ ಉಳಿಸಿಕೊಂಡರು. ಎಣ್ಣೆ ಡಬ್ಬ ಬಡಿದ ಹಾಗಿದೆ ಎಂದು ಅಭಿಮಾನಿಗಳು ಅಂದು ತೆಗೆದ ತಕರಾರು ಎರಡು ದಶಕ ದಾಟಿದರೂ ತಣ್ಣಗಾಗಿಲ್ಲ.

ಈ ತಂಡದ ಅಭಿಮಾನಿಗಳ ಕಿವಿ ಸಾಮಾನ್ಯದ್ದಲ್ಲ. 1988ರ ಆಲ್ಬಂನಲ್ಲಿ ಬೇಸ್ ಗಿಟಾರ್ ಕೇಳಿಸುವುದೇ ಇಲ್ಲ ಎಂದು ಅವರು ಇವತ್ತಿಗೂ ಲೆಕ್ಕ ಕೇಳುತ್ತಾರೆ. 2008ರ ‘ಡೆತ್ ಮ್ಯಾಗ್ನೆಟಿಕ್’ನಲ್ಲಿ ಸದ್ದನ್ನು ವಿಪರೀತ ಏರಿಸಿ ಒಡೆಸಿದ್ದಾರೆ, ‘ಗಿಟಾರ್ ಹೀರೋ’ ಎಂಬ ಆಟದೊಳಗೆ ಬಂದ ಅದೇ ಹಾಡುಗಳು ಎಷ್ಟೋ ತಿಳಿಯಾಗಿವೆ ಎಂದು ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದವರೂ ಅವರೇ. ಹಾಗಾಗಿ ‘ಸೇಂಟ್ ಆ್ಯಂಗರ್’ ಬಗೆಗಿನ ಅವರ ಸಿಟ್ಟನ್ನು ಹುಡುಗಾಟ ಎಂದು ತಳ್ಳಿಹಾಕುವಂತಿಲ್ಲ.

ಆಲ್ಬಂನ ಪರ ನಿಲ್ಲುವವರ ವಾದವೂ ಸಪ್ಪೆಯಲ್ಲ. 2001ರ ಜನವರಿಯಲ್ಲಿ ಬೇಸ್ ವಾದಕ ಜೇಸನ್ ನ್ಯೂಸ್ಟೆಡ್ ತಂಡ ಬಿಟ್ಟರು. ಅದೇ ವರ್ಷ ಗಾಯಕ ಜೇಮ್ಸ್ ಹೆಟ್‌ಫೀಲ್ಡ್ ಕುಡಿತ ಬಿಡಿಸುವ ಚಿಕಿತ್ಸೆಗೆ ಸೇರಿ ತಿಂಗಳುಗಟ್ಟಲೆ ಕಾಣೆಯಾದರು. ಮರಳಿದ ಮೇಲೂ ಮಧ್ಯಾಹ್ನ 12ರಿಂದ 4ರವರೆಗೆ ಮಾತ್ರ ಕೆಲಸ ಎಂಬ ಕರಾರು. ಬೇಸ್ ನುಡಿಸಲು ಆಳಿಲ್ಲದೆ ನಿರ್ಮಾಪಕ ಬಾಬ್ ರಾಕ್ ತಾವೇ ಕೈಹಾಕಿದರು. ಒಬ್ಬರ ಮುಖ ಒಬ್ಬರು ನೋಡಲಾಗದ ಗೆಳೆಯರನ್ನು ಒಂದೇ ಕೋಣೆಯಲ್ಲಿ ಕೂರಿಸಲು ತಿಂಗಳಿಗೆ 40,000 ಡಾಲರ್ ಕೊಟ್ಟು ಸಲಹೆಗಾರರೊಬ್ಬರನ್ನು ಕರೆತರಲಾಗಿತ್ತು. ಇಂಥ ಹೊತ್ತಿನಲ್ಲಿ ಹುಟ್ಟಿದ ಸಂಗೀತ ನುಣ್ಣಗಿದ್ದರೆ ಅದೇ ಸುಳ್ಳಾಗುತ್ತಿತ್ತು, ಡಬ್ಬದ ಸದ್ದೇ ಅದರ ಪ್ರಾಮಾಣಿಕತೆ ಎನ್ನುತ್ತಾರೆ ಇವರು. ಆಲ್ಬಂ ಬಂದ ವಾರವೇ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತ್ತು, ಶೀರ್ಷಿಕೆ ಗೀತೆಗೆ 2004ರಲ್ಲಿ ಗ್ರ್ಯಾಮಿಯೂ ಬಂತು. ಪ್ರಶಸ್ತಿ, ಪಟ್ಟಿಗಳಿಂದ ಇಂಥ ಜಗಳ ತೀರಿದ ಉದಾಹರಣೆ ಮಾತ್ರ ಎಲ್ಲೂ ಇಲ್ಲ.

ಇಷ್ಟಕ್ಕೂ ಡ್ರಮ್ಮಿನ ಸದ್ದು ಇಲ್ಲಿ ಸುಲಭಕ್ಕೆ ಸಿಕ್ಕಿಬಿದ್ದ ಅಪರಾಧಿ. ಪತ್ರಿಕೆಯೊಂದರ ಮೇಜಿನಲ್ಲಿ ಕೂತು ದಿನವೂ ಬೇರೆಯವರ ಬರಹಕ್ಕೆ ಕತ್ತರಿ ಆಡಿಸುವವರ ಕಣ್ಣು ಹೋಗುವುದು ಬೇರೆ ಕಡೆಗೆ. 11 ಹಾಡು, 75 ನಿಮಿಷ. ಎಲ್ಲಕ್ಕಿಂತ ಚಿಕ್ಕ ಹಾಡೇ ಐದು ನಿಮಿಷ ಮೀರುತ್ತದೆ. ‘ಸಮ್ ಕೈಂಡ್ ಆಫ್ ಮಾನ್‌ಸ್ಟರ್’ ಎಂಟು ನಿಮಿಷ ದಾಟಿ, ಒಂದೇ ವರಸೆಯನ್ನು ಹಿಡಿದು ಮತ್ತೆ ಮತ್ತೆ ಜಗ್ಗುತ್ತದೆ. ಗಂಟೆಗಟ್ಟಲೆ ನುಡಿಸಿ, ಕಂಪ್ಯೂಟರಿನಲ್ಲಿ ತುಂಡು ತುಂಡಾಗಿ ಕತ್ತರಿಸಿ, ಜೋಡಿಸಿ ಮಾಡಿದ ಹಾಡುಗಳಿವು. ಕತ್ತರಿಗೆ ಕೆಲಸ ಬೇಕಾದಷ್ಟಿತ್ತು, ಆದರೆ ಅದೆಲ್ಲ ಅಂಟಿಸುವುದಕ್ಕೆ. ಬಿಸಾಡುವುದಕ್ಕೆ ಅಲ್ಲ.

ಏಕೆ ಬಿಸಾಡಲಿಲ್ಲ ಎಂಬುದಕ್ಕೆ ಉತ್ತರ ಅವರದೇ ಸಾಕ್ಷ್ಯಚಿತ್ರದಲ್ಲಿದೆ. ಜೋ ಬರ್ಲಿಂಜರ್ ಮತ್ತು ಬ್ರೂಸ್ ಸಿನಾಫ್‌ಸ್ಕಿ ಆ ದಿನಗಳುದ್ದಕ್ಕೂ ಕ್ಯಾಮೆರಾ ಇಟ್ಟುಕೊಂಡು ಕೂತಿದ್ದರು. ಚಿತ್ರ 2004ರಲ್ಲಿ ತೆರೆಕಂಡಿತು. ಮೊದಲೆಲ್ಲ ಸಾಹಿತ್ಯ ಹೆಟ್‌ಫೀಲ್ಡ್ ಒಬ್ಬರದೇ ಎನ್ನುವಂತಿತ್ತು. ಈ ಸಲ ಎಲ್ಲರೂ ಕಾಗದ ಪೆನ್ನು ಹಿಡಿದು ಸಾಲು ಬರೆಯುತ್ತಾರೆ. ಒಬ್ಬರನ್ನೊಬ್ಬರು ನೋಯಿಸದಿರುವುದನ್ನು ದುಡ್ಡು ಕೊಟ್ಟು ಕಲಿಯುತ್ತಿದ್ದ ಜನ ಅವರು. ನಿನ್ನ ಈ ಸಾಲು ಬೇಡ ಎಂದು ಯಾರು ಯಾರಿಗೆ ಹೇಳಬೇಕು? ಗಿಟಾರ್ ಸೋಲೋಗಳನ್ನು ಪೂರಾ ಕೈಬಿಟ್ಟಾಗ ಮಾತ್ರ ಮೃದು ಸ್ವಭಾವದ ಗಿಟಾರ್ ವಾದಕ ಕರ್ಕ್ ಹ್ಯಾಮೆಟ್ ಸ್ವಲ್ಪ ಬಿಗಿಯಾಗಿಯೇ ಎದುರು ಮಾತಾಡುತ್ತಾರೆ: ಸೋಲೋ ಇಲ್ಲದಿರುವುದು ಈ ಕಾಲದ ಫ್ಯಾಶನ್, ನಾಳೆ ಕೇಳುವವರಿಗೆ ಇದು ಇಂಥ ವರ್ಷದ ಮಾಲು ಎಂದು ಗೊತ್ತಾಗಿಬಿಡುತ್ತದೆ ಎಂಬ ಅರ್ಥದಲ್ಲಿ. ಅವರ ಮಾತು ನಡೆಯಲಿಲ್ಲ. ಹೇಳಿದ್ದು ಮಾತ್ರ ಅಕ್ಷರಶಃ ನಿಜವಾಯಿತು.

ಚಿತ್ರದಲ್ಲಿ ಒಬ್ಬರೇ ಒಬ್ಬರು ಸಂಪಾದಕರಿದ್ದಾರೆ. ಅವರು ತಂಡದವರಲ್ಲ, ಲಾರ್ಸ್‌ರ ಅಪ್ಪ. ಡೆನ್ಮಾರ್ಕ್‌ಗೆ ಡೇವಿಸ್ ಕಪ್ ಟೆನಿಸ್ ಆಡಿದ, ಉದ್ದ ಬಿಳಿ ಗಡ್ಡದ ಟೋರ್ಬೆನ್ ಉಲ್ರಿಕ್. ಹೊಸದಾಗಿ ಮಾಡಿದ ಒಂದು ತುಣುಕನ್ನು ಮಗ ಕೇಳಿಸಿ, ಹೇಗಿದೆ ಎನ್ನುತ್ತಾನೆ. ಅಪ್ಪ ನಿಧಾನಕ್ಕೆ ಕೇಳಿ, ತಲೆಯೆತ್ತಿ, ಅಳಿಸಿಬಿಡುವುದು ಒಳ್ಳೆಯದು ಎನ್ನುತ್ತಾರೆ. ದನಿಯಲ್ಲಿ ಕೋಪವಿಲ್ಲ, ಉಪದೇಶವೂ ಇಲ್ಲ. ಮಗನ ಮುಖ ಆಗ ನೋಡಬೇಕು. ಆ ಅಪ್ಪನನ್ನು ಇನ್ನೂ ಎರಡು ವಾರ ಸ್ಟುಡಿಯೊದಲ್ಲೇ ಉಳಿಸಿಕೊಂಡಿದ್ದರೆ ಆಲ್ಬಂ 45 ನಿಮಿಷಕ್ಕೆ ಇಳಿಯುತ್ತಿತ್ತೋ ಏನೋ.

ಹಾಗೆ ಇಳಿಸಬಹುದಿತ್ತು ಎಂಬುದಕ್ಕೆ ಪುರಾವೆ ತಂಡದ ಬಳಿಯೇ ಇದೆ. ಬಿಡಿ ಹಾಡಾಗಿ ಹೊರತರುವಾಗ ‘ಸಮ್ ಕೈಂಡ್ ಆಫ್ ಮಾನ್‌ಸ್ಟರ್’ಅನ್ನು ಹೆಚ್ಚುಕಡಿಮೆ ಅರ್ಧಕ್ಕೆ ತಂದರು, ಒಳಗೆ ಇಂಥದೊಂದು ಗಟ್ಟಿ ಹಾಡು ಅಡಗಿತ್ತೇ ಅನ್ನಿಸುತ್ತದೆ. ಆಲ್ಬಂ ಜೊತೆ ಕೊಟ್ಟ ಡಿವಿಡಿಯಲ್ಲಿ, ಆಗಷ್ಟೇ ಸೇರಿದ್ದ ಬೇಸ್ ವಾದಕ ರಾಬರ್ಟ್ ಟ್ರುಹಿಯೊ ಸಮೇತ ಇಡೀ ತಂಡ ಒಂದು ಕೋಣೆಯಲ್ಲಿ ನಿಂತು ಎಲ್ಲ ಹಾಡುಗಳನ್ನೂ ನುಡಿಸಿದೆ. ಆಲ್ಬಂಗಿಂತ ಇದೇ ವಾಸಿ ಎನ್ನುವವರು ಎರಡೂ ಬಣದಲ್ಲಿದ್ದಾರೆ. 2015ರಲ್ಲಿ ಕೆಲವು ಅಭಿಮಾನಿಗಳು ಇನ್ನೂ ಮುಂದೆ ಹೋಗಿ, ಇಡೀ ಆಲ್ಬಂ ಅನ್ನು ಹೊಸ ಡ್ರಮ್ ಸದ್ದಿನೊಂದಿಗೆ ತಾವೇ ಮತ್ತೆ ನುಡಿಸಿ ಮುದ್ರಿಸಿದರು. ಬೈದು ಸುಮ್ಮನಾಗುವವರು ಪಡುವ ಶ್ರಮವಲ್ಲ ಇದು.

ಉಲ್ರಿಕ್ ಇಂದಿಗೂ ಆ ಸದ್ದಿನ ಪರವೇ ಮಾತಾಡುತ್ತಾರೆ. ವೇದಿಕೆಯ ಮಾತು ಬೇರೆ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ಕೊನೆಗೂ ನುಡಿಸಿತು. ಎರಡು ದಿನ ಮೊದಲು ಗುರುಗ್ರಾಮದ ಕಾರ್ಯಕ್ರಮ ರದ್ದಾಗಿ ಎಲ್ಲರ ಜೀವ ಬಾಯಿಗೆ ಬಂದಿತ್ತು. ಅಂದು ಸಂಜೆ ಎಂಬತ್ತರ ದಶಕದ ಹಾಡುಗಳು ಸಾಲುಸಾಲಾಗಿ ಬಂದವು, ‘ಡೆತ್ ಮ್ಯಾಗ್ನೆಟಿಕ್’ನವೂ ಬಂದವು. ‘ಸೇಂಟ್ ಆ್ಯಂಗರ್’ನದು ಒಂದೂ ಇರಲಿಲ್ಲ. ಸ್ಟುಡಿಯೊದಲ್ಲಿ ಆಡದ ಕತ್ತರಿ ಹಾಡುಗಳ ಪಟ್ಟಿಯ ಮೇಲೆ ಆಡಿತ್ತು.

ಆದರೂ ಒಂದು ಹಾಡು ಕತ್ತರಿಗೆ ಸಿಗದೆ ನುಸುಳಿಕೊಂಡಿದೆ. ಆಲ್ಬಂನ ಕೊನೆಯ ‘ಆಲ್ ವಿದಿನ್ ಮೈ ಹ್ಯಾಂಡ್ಸ್’ ಒಂಬತ್ತು ನಿಮಿಷದ ಹತ್ತಿರ ಎಳೆದು, ಅರಚಾಟದಲ್ಲಿ ಮುಗಿಯುತ್ತದೆ. ತಂಡ 2017ರಲ್ಲಿ ಕಟ್ಟಿದ ಸೇವಾಸಂಸ್ಥೆಗೆ ಇದೇ ಹಾಡಿನ ಹೆಸರಿಟ್ಟಿತು. 2019ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸಿಂಫನಿಯ ಜೊತೆ ಕೂತು ಅದನ್ನೇ ಅಕೌಸ್ಟಿಕ್ ಗಿಟಾರ್ ಹಿಡಿದು ಮೆಲ್ಲಗೆ ನುಡಿಸಿದರು. ಹೆಟ್‌ಫೀಲ್ಡ್ ಅರಚದೆ ಹಾಡಿದರು, ಹಿಂದೆ ಪಿಟೀಲುಗಳಿದ್ದವು. ಇದನ್ನು ‘ಸೇಂಟ್ ಆ್ಯಂಗರ್’ನ ಲೆಕ್ಕಕ್ಕೆ ಸೇರಿಸಬೇಕೋ ಬೇಡವೋ ಎಂಬ ಹೊಸ ಜಗಳ ಈಗ ಶುರುವಾಗಿದೆ.